ಆಕ್ಷೇಪಣೆಯಿಂದ ಹುಟ್ಟಿದ ನಕ್ಷೆ: ಜಿ. ಎನ್. ರಾಮಚಂದ್ರನ್

ನಾನು ಬಿ.ಇಡಿ. ಓದುವಾಗ ಕೊಟ್ಟ ವಿಮರ್ಶಾ ಪಾಠ ಎಂಟನೇ ತರಗತಿಯ ಮಕ್ಕಳಿಗೆ, ಸಸ್ಯಕೋಶದ ಮೇಲೆ. ಚಾರ್ಟು ಚೆನ್ನಾಗಿತ್ತು, ಕರಿಹಲಗೆಯ ಬರಹ ಚೆನ್ನಾಗಿತ್ತು. ಗಂಟೆ ಹೊಡೆಯುವುದಕ್ಕೆ ಎರಡು ನಿಮಿಷ ಮೊದಲೇ ಮೌಲ್ಯಮಾಪನದ ಪ್ರಶ್ನೆಗಳೂ ಮುಗಿದಿದ್ದವು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನ್ನ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಒಂದು ಕೊರತೆ ಗುರುತಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ನಾನು ಮಕ್ಕಳಿಗೆ ಯೋಚಿಸಲು ಬಿಡುವುದಿಲ್ಲ, ತೀರ ಬೇಗ ನಾನೇ ಉತ್ತರ ಹೇಳಿಬಿಡುತ್ತೇನೆ ಎಂಬುದು ಅದರ ತಾತ್ಪರ್ಯ. ಪಾಠದ ನಂತರದ ಚರ್ಚೆಯಲ್ಲಿ ನಾನು ಅರ್ಧ ಗಂಟೆ ವಾದಿಸಿದೆ. ನಲವತ್ತು ನಿಮಿಷದಲ್ಲಿ ಅಷ್ಟೆಲ್ಲ ಕಾಯಲಾಗದು, ಮಕ್ಕಳು ಹೊಸಬರು, ಪಾಠಯೋಜನೆಯನ್ನು ಒಪ್ಪಿದವರು ನೀವೇ ಅಲ್ಲವೇ, ಹೀಗೆ. ವಾದದಲ್ಲಿ ಗೆದ್ದೆನೆಂದೇ ಅಂದುಕೊಂಡೆ. ನನ್ನ ಮುಂದಿನ ಪಾಠವೂ ಹಿಂದಿನ ಪಾಠದ ಹಾಗೆಯೇ ನಡೆಯಿತು.

ಈಗ ಹಿಂದಿನ ಬೆಂಚಿನಲ್ಲಿ ಕೂರುವವಳು ನಾನು. ಪ್ರತಿ ವರ್ಷ ಅದೇ ವಾದವನ್ನು ಬೇರೆ ಬೇರೆ ದನಿಗಳಲ್ಲಿ ಕೇಳುತ್ತೇನೆ. ಕೆಲವರು ವಾದಿಸುತ್ತಾರೆ, ಕೆಲವರು ಅಳುತ್ತಾರೆ, ಬಹಳ ಮಂದಿ ತಲೆಯಾಡಿಸಿ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಟೀಕೆಯನ್ನು ಎದುರಿಸಲು ನಾಲ್ಕನೆಯ ದಾರಿಯೊಂದಿದೆ ಎಂದು ಅವರಿಗೆ ಹೇಳಬೇಕಾದಾಗಲೆಲ್ಲ ನಾನು ಒಬ್ಬ ವಿಜ್ಞಾನಿಯ ಜೀವನವನ್ನು ಹೇಳುತ್ತೇನೆ. ಅವರ ಭಾವಚಿತ್ರ ನಮ್ಮ ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿಗಳೆಲ್ಲರ ಕೈಯಲ್ಲೂ ಒಮ್ಮೆ ಇತ್ತು. ಎನ್‌ಸಿಇಆರ್‌ಟಿಯ 11ನೇ ತರಗತಿಯ ಜೀವಶಾಸ್ತ್ರ ಪುಸ್ತಕದಲ್ಲಿ ಜೀವಕೋಶದ ಘಟಕ ಶುರುವಾಗುವ ಪುಟದಲ್ಲಿ ಅವರ ಚಿತ್ರವೂ ಕಿರುಪರಿಚಯವೂ ಇವೆ. ಪರೀಕ್ಷೆಗೆ ಬರುವುದಿಲ್ಲವೆಂದು ನಾವು ಮಗುಚಿ ಮುಂದೆ ಹೋಗುವ ಪುಟ ಅದು. ಅವರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್. ಇಂದು ನಮ್ಮ ತರಗತಿಯಲ್ಲಿ ಕೂತಿರುವ ಹಲವರು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು.

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಲಂನಲ್ಲಿ. ತಂದೆ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಹಾಗಾಗಿ ಲೆಕ್ಕ ಎಂಬುದು ಅವರಿಗೆ ಶಾಲೆಯಲ್ಲಿ ಎದುರಾದ ಭೂತವಾಗಿರಲಿಲ್ಲ, ಮನೆಯ ಮಾತೇ ಆಗಿತ್ತು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿ ಮುಗಿಸಿ, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ. ಮನಸ್ಸು ಮಾತ್ರ ಭೌತವಿಜ್ಞಾನದ ಕಡೆಗಿತ್ತು. ಆಗ ಅಲ್ಲಿನ ಭೌತವಿಜ್ಞಾನ ವಿಭಾಗ ಸಿ. ವಿ. ರಾಮನ್ ಅವರ ಕೈಯಲ್ಲಿತ್ತು. ರಾಮಚಂದ್ರನ್ ವಿಭಾಗ ಬದಲಿಸಿ ರಾಮನ್ ಅವರ ಶಿಷ್ಯರಾದರು. ವಜ್ರ ಮೊದಲಾದ ಸ್ಫಟಿಕಗಳ ಮೂಲಕ ಬೆಳಕನ್ನೂ ಕ್ಷ-ಕಿರಣವನ್ನೂ ಹಾಯಿಸಿ ಅವುಗಳ ಒಳರಚನೆ ತಿಳಿಯುವುದು ಅವರ ಅಂದಿನ ಕೆಲಸ. ಆ ಸಂಶೋಧನೆಗೆ 1947ರಲ್ಲಿ ಡಿಎಸ್‌ಸಿ ಪದವಿ ಬಂತು. ಬಳಿಕ ಎರಡು ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿದ್ದು, 1949ರಲ್ಲಿ ಅಲ್ಲಿಯೂ ಪಿಎಚ್.ಡಿ. ಪಡೆದು ಬೆಂಗಳೂರಿಗೆ ಮರಳಿದರು.

ಇಲ್ಲಿಯವರೆಗಿನ ಕಥೆ ಒಬ್ಬ ಬುದ್ಧಿವಂತ ಭೌತವಿಜ್ಞಾನಿಯದು. ಜೀವಿಗಳ ಗೊಡವೆ ಅದರಲ್ಲಿಲ್ಲ. 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಭೌತವಿಜ್ಞಾನ ವಿಭಾಗ ಕಟ್ಟಲು ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರು ಮೂವತ್ತರ ಆಸುಪಾಸಿನ ಒಬ್ಬ ತರುಣನ ಕೈಗೆ ಇಡೀ ವಿಭಾಗವನ್ನು ಕೊಟ್ಟರು. ರಾಮಚಂದ್ರನ್ ಅಲ್ಲಿ ಕ್ಷ-ಕಿರಣ ಪ್ರಯೋಗಾಲಯವೊಂದನ್ನು ಸಜ್ಜುಗೊಳಿಸಿ, ಯಾವ ಪ್ರಶ್ನೆಯನ್ನು ಹಿಡಿಯಬೇಕೆಂದು ಹುಡುಕುತ್ತಿದ್ದರು. ಅದೇ ಕಾಲಕ್ಕೆ ಹೆಸರಾಂತ ಸ್ಫಟಿಕವಿಜ್ಞಾನಿ ಜೆ. ಡಿ. ಬರ್ನಲ್ ಮದರಾಸಿಗೆ ಬಂದರು. ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಯಾರಿಗೂ ಸರಿಯಾಗಿ ತಿಳಿದಿಲ್ಲವೆಂಬುದು ಅವರ ಮಾತಿನಿಂದ ರಾಮಚಂದ್ರನ್ ಗಮನಕ್ಕೆ ಬಂತು.

ಕೊಲಾಜೆನ್ ಎಂದರೆ ನಮ್ಮ ಚರ್ಮ, ಮೂಳೆ, ಮೃದ್ವಸ್ಥಿ, ಸ್ನಾಯುರಜ್ಜು ಇವುಗಳಿಗೆಲ್ಲ ಗಟ್ಟಿತನ ಕೊಡುವ ನಾರು. ಪ್ರಾಣಿಗಳ ದೇಹದಲ್ಲಿ ಇದರಷ್ಟು ಹೇರಳವಾದ ಪ್ರೋಟೀನ್ ಬೇರೊಂದಿಲ್ಲ. ಚರ್ಮದ ವಿಷಯವಾದ್ದರಿಂದ ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಅದರ ಮಾದರಿಗಳು ಸಿಗುತ್ತಿದ್ದವು. ಕಾಂಗರೂ ಬಾಲದ ಸ್ನಾಯುರಜ್ಜುವಿನ ಕೊಲಾಜೆನ್ ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪೀನಾಥ್ ಕರ್ತಾ ಅವರಿಗೆ ದೊರೆಯಿತು. ನಾರಿನ ಮೂಲಕ ಕ್ಷ-ಕಿರಣ ಹಾಯಿಸಿದರೆ ಫಿಲಂ ಮೇಲೆ ಸಿಗುವ ಚಿತ್ರ ಸ್ಫಟಿಕದ ಚಿತ್ರದಷ್ಟು ಸ್ಪಷ್ಟವಲ್ಲ. ಕೆಲವು ಮಸುಕು ಚುಕ್ಕೆಗಳು, ಕೆಲವು ಕಮಾನುಗಳು, ಅಷ್ಟೆ. ಅಮೆರಿಕದ ಲೈನಸ್ ಪಾಲಿಂಗ್ ಅವರಂಥವರು 1951ರಲ್ಲಿ ಮುಂದಿಟ್ಟಿದ್ದ ಕೊಲಾಜೆನ್ ಮಾದರಿಯೂ ನಿಂತಿರಲಿಲ್ಲ.

ರಾಮಚಂದ್ರನ್ ಮತ್ತು ಕರ್ತಾ ಒಂದು ರಾಸಾಯನಿಕ ಸಂಗತಿಯನ್ನು ಗಟ್ಟಿಯಾಗಿ ಹಿಡಿದರು. ಕೊಲಾಜೆನ್‌ನಲ್ಲಿರುವ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗ್ಲೈಸಿನ್. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು ಗ್ಲೈಸಿನ್. ಅದರ ಪಾರ್ಶ್ವಗುಂಪು ಒಂದೇ ಒಂದು ಹೈಡ್ರೋಜನ್ ಪರಮಾಣು. ಮೂರು ಎಳೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವುದು ಅದೊಂದೇ. ಹಾಗಾದರೆ ಪ್ರತಿ ಎಳೆಯಲ್ಲೂ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಇರಬೇಕು, ಎಳೆಗಳು ಮೂರಿರಬೇಕು. 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರು ಈ ಮೂರೆಳೆಯ ಮಾದರಿಯನ್ನು ಪ್ರಕಟಿಸಿದರು. ಮುಂದಿನ ವರ್ಷ ಅದನ್ನೇ ತಿದ್ದಿ, ಸುರುಳಿಯಾಗಿರುವ ಮೂರೂ ಎಳೆಗಳು ಹಗ್ಗ ಹೊಸೆದ ಹಾಗೆ ಮತ್ತೆ ಒಂದನ್ನೊಂದು ಸುತ್ತಿಕೊಂಡಿರುತ್ತವೆ ಎಂದು ತೋರಿಸಿದರು. ಕ್ರಿಕ್ ಮತ್ತು ವಾಟ್ಸನ್ ಡಿಎನ್‌ಎಯ ಜೋಡಿ ಸುರುಳಿಯನ್ನು ಮುಂದಿಟ್ಟು ಆಗ ಎರಡೇ ವರ್ಷವಾಗಿತ್ತು. ಹೊಸದಾಗಿ ಎದ್ದ ಒಂದು ವಿಭಾಗದಿಂದ, ಮದರಾಸಿನಿಂದ, ಮುಪ್ಪುರಿ ಸುರುಳಿ ಹೊರಟಿತ್ತು.

ಅದರ ಬೆನ್ನಿಗೇ ಆಕ್ಷೇಪಣೆ ಬಂತು. ಆಕ್ಷೇಪಿಸಿದವರು ಸಾಮಾನ್ಯರಲ್ಲ. ಒಬ್ಬರು ಅದೇ ಫ್ರಾನ್ಸಿಸ್ ಕ್ರಿಕ್, ಇನ್ನೊಬ್ಬರು ಅಲೆಕ್ಸಾಂಡರ್ ರಿಚ್. 1955ರ ಕೊನೆಯಲ್ಲಿ ಅದೇ ನೇಚರ್ ಪತ್ರಿಕೆಯಲ್ಲಿ ಅವರು ತಮ್ಮದೇ ಮಾದರಿಯನ್ನು ಪ್ರಕಟಿಸಿದರು. ಮೂರು ಎಳೆಗಳ ಹೊಸೆದ ಸುರುಳಿ ಎಂಬ ಮೂಲ ಕಲ್ಪನೆ ಅದರಲ್ಲೂ ಇತ್ತು. ಆದರೆ ಮದರಾಸಿನ ಮಾದರಿಯ ವಿವರಗಳನ್ನು ಅವರು ಒಪ್ಪಲಿಲ್ಲ. ರಾಮಚಂದ್ರನ್ ಮೂರು ಅಮೈನೋ ಆಮ್ಲಗಳಿಗೆ ಎರಡು ಹೈಡ್ರೋಜನ್ ಬಂಧಗಳನ್ನು ಕಲ್ಪಿಸಿದ್ದರು. ಹಾಗೆ ಮಾಡಿದರೆ ಕೆಲವು ಪರಮಾಣುಗಳು ತೀರ ಹತ್ತಿರ ಬಂದುಬಿಡುತ್ತವೆ, ಆದ್ದರಿಂದ ಒಂದೇ ಬಂಧ ಸಾಧ್ಯ ಎಂಬುದು ಅವರ ನಿಲುವು.

ಈ ಟೀಕೆಯ ತೂಕವನ್ನು ನಾವು ಊಹಿಸಿಕೊಳ್ಳಬೇಕು. ಮಾದರಿಯ ಮುಖ್ಯ ಕಲ್ಪನೆ ತಮ್ಮದು. ವಿವರದಲ್ಲಿ ತಪ್ಪು ಹಿಡಿದವರು ಜಗತ್ತಿನಲ್ಲಿ ಆಗ ಎಲ್ಲರೂ ಕಿವಿಗೊಡುತ್ತಿದ್ದವರು. ಇಂಥ ಹೊತ್ತಿನಲ್ಲಿ ಮನುಷ್ಯರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ: ಜಗಳಕ್ಕೆ ನಿಲ್ಲುತ್ತಾರೆ, ಇಲ್ಲವೇ ಆ ವಿಷಯವನ್ನೇ ಬಿಟ್ಟುಬಿಡುತ್ತಾರೆ. ರಾಮಚಂದ್ರನ್ ತಮ್ಮ ಮಾದರಿಯನ್ನು ಸಮರ್ಥಿಸಿಕೊಂಡದ್ದು ನಿಜ, ವರ್ಷಗಳ ಕಾಲ ಸಮರ್ಥಿಸಿಕೊಂಡರು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಆಕ್ಷೇಪಣೆಯೊಳಗಿನ ಒಂದು ಮಾತನ್ನು ಬಿಡಿಸಿ ಮೇಜಿನ ಮೇಲಿಟ್ಟುಕೊಂಡರು. ತೀರ ಹತ್ತಿರ ಎಂದರೆ ಎಷ್ಟು ಹತ್ತಿರ?

ಈ ಪ್ರಶ್ನೆಗೆ ಆಗ ಎಲ್ಲರೂ ಒಪ್ಪಿದ ಉತ್ತರವಿರಲಿಲ್ಲ. ಪರಮಾಣುಗಳಿಗೆ ತಮ್ಮದೇ ಒಂದು ಅಳತೆಯಿದೆ, ಬಂಧವಿಲ್ಲದ ಎರಡು ಪರಮಾಣುಗಳು ಒಂದು ಮಿತಿಗಿಂತ ಹತ್ತಿರ ಬರಲಾರವು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಮಿತಿ ಎಷ್ಟು ಎಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಇಟ್ಟುಕೊಂಡಿದ್ದರು. ರಾಮಚಂದ್ರನ್ ತಮ್ಮ ಸಂಗಡಿಗರಾದ ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಅವರೊಂದಿಗೆ, ಅಮೈನೋ ಆಮ್ಲಗಳ ಹಾಗೂ ಚಿಕ್ಕ ಪೆಪ್ಟೈಡುಗಳ ಸ್ಫಟಿಕಗಳ ಬಗ್ಗೆ ಪ್ರಕಟವಾಗಿದ್ದ ಮಾಹಿತಿಯನ್ನೆಲ್ಲ ಒಟ್ಟುಗೂಡಿಸಿದರು. ಯಾವ ಪರಮಾಣು ಯಾವ ಪರಮಾಣುವಿಗೆ ನಿಜವಾಗಿ ಎಷ್ಟು ಹತ್ತಿರ ಬಂದಿದೆ ಎಂದು ಪಟ್ಟಿ ಮಾಡಿದರು. ಪ್ರತಿ ಜೋಡಿಗೂ ಎರಡು ಮಿತಿಗಳನ್ನಿಟ್ಟರು: ಒಂದು ಸಾಮಾನ್ಯ ಮಿತಿ, ಇನ್ನೊಂದು ಅಪರೂಪಕ್ಕೆ ಕಾಣುವ ಕಟ್ಟಕಡೆಯ ಮಿತಿ. ಎರಡು ಕಾರ್ಬನ್ ಪರಮಾಣುಗಳಿಗೆ ಸಾಮಾನ್ಯ ಮಿತಿ 3.2 ಆಂಗ್‌ಸ್ಟ್ರಾಂ, ಕಟ್ಟಕಡೆಯ ಮಿತಿ 3.0. ಎರಡು ಹೈಡ್ರೋಜನ್‌ಗಳಿಗೆ 2.0 ಮತ್ತು 1.9. ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿ ಪಾಲಿನಲ್ಲಿ ಒಂದು ಪಾಲು.

ಇಲ್ಲಿಂದ ಅವರು ಇಟ್ಟ ಹೆಜ್ಜೆಯೇ ದೊಡ್ಡದು. ಈ ಅಳತೆಗೋಲು ಸಿಕ್ಕ ಮೇಲೆ ಅದನ್ನು ಕೊಲಾಜೆನ್‌ಗೆ ಮಾತ್ರ ಹಿಡಿಯುವುದೇಕೆ? ಯಾವ ಪ್ರೋಟೀನ್ ಎಳೆಯೇ ಆಗಲಿ, ಅದು ಹೇಗೆಲ್ಲ ಬಾಗಬಹುದು, ಹೇಗೆ ಬಾಗಲಾರದು ಎಂದು ಒಮ್ಮೆಗೇ ಲೆಕ್ಕ ಹಾಕಬಹುದಲ್ಲ?

ಇದನ್ನು ತರಗತಿಯಲ್ಲಿ ವಿವರಿಸಲು ನಾನು ಎರಡು ಪೋಸ್ಟ್‌ಕಾರ್ಡುಗಳನ್ನು ಬಳಸುತ್ತೇನೆ. ಪ್ರೋಟೀನ್ ಎಳೆಯಲ್ಲಿ ಒಂದು ಅಮೈನೋ ಆಮ್ಲವನ್ನು ಇನ್ನೊಂದಕ್ಕೆ ಜೋಡಿಸುವ ಭಾಗ ಚಪ್ಪಟೆ, ಕಾರ್ಡಿನಂತೆ, ಅದು ತಿರುಚುವುದಿಲ್ಲ. ಒಂದು ಕಾರ್ಡಿನ ಮೂಲೆಯನ್ನೂ ಇನ್ನೊಂದರ ಮೂಲೆಯನ್ನೂ ಒಂದು ಮಣಿಗೆ ದಾರದಿಂದ ಕಟ್ಟಿ. ಆ ಮಣಿಯೇ ಆಲ್ಫಾ ಕಾರ್ಬನ್. ಪಾರ್ಶ್ವಗುಂಪಿನ ಬದಲಿಗೆ ಮಣಿಗೆ ಒಂದು ಗುಂಡಿ ಅಂಟಿಸಿ. ಈಗ ಮಣಿಯ ಎಡಗಡೆಯ ಕಾರ್ಡನ್ನು ಒಂದು ಕೋನದಷ್ಟು ತಿರುಗಿಸಬಹುದು, ಬಲಗಡೆಯದನ್ನು ಇನ್ನೊಂದು ಕೋನದಷ್ಟು. ಈ ಎರಡು ಕೋನಗಳಿಗೆ ವಿಜ್ಞಾನಿಗಳು ಇಟ್ಟ ಹೆಸರು ಫೈ ಮತ್ತು ಸೈ. ಭೂಪಟದಲ್ಲಿ ಅಕ್ಷಾಂಶ ರೇಖಾಂಶ ಎರಡು ಗೊತ್ತಾದರೆ ಊರು ಗೊತ್ತಾಗುವಂತೆ, ಫೈ ಮತ್ತು ಸೈ ಗೊತ್ತಾದರೆ ಆ ಜಾಗದಲ್ಲಿ ಎಳೆಯ ಬಾಗು ಗೊತ್ತಾಗುತ್ತದೆ. ಎರಡೂ ಕೋನಗಳು -180 ಡಿಗ್ರಿಯಿಂದ +180 ಡಿಗ್ರಿಯವರೆಗೆ. ಮಕ್ಕಳು ಕಾರ್ಡುಗಳನ್ನು ತಿರುಗಿಸಿ ನೋಡಲಿ. ಕಾರ್ಡಿನ ಮೂಲೆಗಳು ಒಂದಕ್ಕೊಂದು ಅಥವಾ ಗುಂಡಿಗೆ ತಾಗಿದರೆ ಗ್ರಾಫ್ ಹಾಳೆಯ ಆ ಬಿಂದುವಿನಲ್ಲಿ ತಪ್ಪು ಗುರುತು, ತಾಗದಿದ್ದರೆ ಸರಿ ಗುರುತು. ಒಂದು ಅವಧಿ ಮುಗಿಯುವಷ್ಟರಲ್ಲಿ ಹಾಳೆಯ ಮೇಲೆ ದ್ವೀಪಗಳು ಮೂಡತೊಡಗುತ್ತವೆ. ಇದು ಒರಟು ಮಾದರಿಯಾದ್ದರಿಂದ ದ್ವೀಪಗಳ ಆಕಾರ ನಿಜವಾದ ನಕ್ಷೆಯಂತೆ ಇರುವುದಿಲ್ಲ. ತಾಗುವ ಬಾಗುಗಳು ಎಷ್ಟು, ತಾಗದವು ಎಷ್ಟು ಕಡಿಮೆ ಎಂಬುದು ಮಾತ್ರ ಕೈಗೇ ತಿಳಿಯುತ್ತದೆ.

ಮದರಾಸಿನಲ್ಲಿ ಅವರು ಮಾಡಿದ್ದು ಇದನ್ನೇ, ಕಾರ್ಡುಗಳ ಬದಲು ಲೆಕ್ಕದಿಂದ. ಕಂಪ್ಯೂಟರಿನ ಅನುಕೂಲವಿಲ್ಲದೆ, ಮೇಜಿನ ಮೇಲಿಡುವ ಗಣಕಯಂತ್ರದ ನೆರವಿನಿಂದ, ಒಂದೊಂದು ಕೋನದ ಜೋಡಿಗೂ ಪರಮಾಣುಗಳ ನಡುವಿನ ದೂರಗಳನ್ನು ಎಣಿಸಿ, ಮಿತಿಯೊಳಗಿದೆಯೇ ಇಲ್ಲವೇ ಎಂದು ನೋಡಿದರು. ಬಂದ ಫಲ ಬೆರಗುಗೊಳಿಸುವಂಥದು. ಹಾಳೆಯ ಸುಮಾರು ಮುಕ್ಕಾಲು ಭಾಗ ಪ್ರೋಟೀನ್ ಎಳೆಗೆ ನಿಷಿದ್ಧ. ಅನುಮತಿಯಿರುವುದು ಕೆಲವೇ ಸಣ್ಣ ದ್ವೀಪಗಳಲ್ಲಿ. ಪಾಲಿಂಗ್ ಕಂಡುಹಿಡಿದಿದ್ದ ಆಲ್ಫಾ ಸುರುಳಿ ಒಂದು ದ್ವೀಪದಲ್ಲಿ ಬೀಳುತ್ತದೆ. ಬೀಟಾ ಹಾಳೆಯೂ ಕೊಲಾಜೆನ್ ಎಳೆಯೂ ಇನ್ನೊಂದು ದ್ವೀಪದಲ್ಲಿ. ಪಾರ್ಶ್ವಗುಂಪಿನ ಅಡ್ಡಿಯಿಲ್ಲದ ಗ್ಲೈಸಿನ್‌ಗೆ ಮಾತ್ರ ಹೆಚ್ಚು ಜಾಗ. 1963ರಲ್ಲಿ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಇದು ಪ್ರಕಟವಾಯಿತು. ಇಡೀ ಬರಹ ಐದು ಪುಟ. ಅದೇ ರಾಮಚಂದ್ರನ್ ನಕ್ಷೆ, ಕಾಲೇಜುಗಳಲ್ಲಿ ರಾಮಚಂದ್ರನ್ ಪ್ಲಾಟ್ ಎಂದು ಕರೆಯುವುದು.

ಕೊಲಾಜೆನ್ ವಿವಾದ ಏನಾಯಿತೆಂದು ಪ್ರಶಿಕ್ಷಣಾರ್ಥಿಗಳು ಕೇಳಿಯೇ ಕೇಳುತ್ತಾರೆ. ಇದನ್ನು ಮುಚ್ಚಿಡದೆ ಹೇಳಬೇಕು. ಮೂರು ಎಳೆ, ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್, ಹಗ್ಗದಂತೆ ಹೊಸೆದ ಸುರುಳಿ, ಇವೆಲ್ಲ ನಿಂತವು. ಪರಮಾಣುಗಳು ಅಂದು ಹಲವರು ಭಾವಿಸಿದ್ದಕ್ಕಿಂತ ಹತ್ತಿರ ಬರಬಲ್ಲವು ಎಂಬುದೂ ಸ್ಫಟಿಕಗಳ ಪಟ್ಟಿಯಿಂದ ಕಂಡುಬಂತು. ಆದರೆ ಎರಡು ನೇರ ಹೈಡ್ರೋಜನ್ ಬಂಧಗಳ ವಿಷಯದಲ್ಲಿ ಟೀಕಾಕಾರರ ಮಾತೇ ಉಳಿಯಿತು. 1994ರಲ್ಲಿ ಕೊಲಾಜೆನ್ ಮಾದರಿಯ ಪೆಪ್ಟೈಡೊಂದರ ಸ್ಫಟಿಕವನ್ನು ಪರಮಾಣು ಮಟ್ಟದಲ್ಲಿ ನೋಡಿದಾಗ, ಮೂರಕ್ಕೆ ಒಂದು ನೇರ ಬಂಧವೇ ಕಂಡಿತು. ಅದರ ಸುತ್ತ ನೀರಿನ ಅಣುಗಳ ಮೂಲಕ ಬೆಸೆದ ಬಂಧಗಳ ಜಾಲವೂ ಕಂಡಿತು. ನೀರಿನ ಮೂಲಕ ಬಂಧ ಏರ್ಪಡಬಹುದೆಂದು ರಾಮಚಂದ್ರನ್ 1968ರಲ್ಲೇ ಸೂಚಿಸಿದ್ದರು. ಹಾಗಾಗಿ ವಾದದಲ್ಲಿ ಅವರು ಪೂರ್ತಿ ಗೆದ್ದರೆಂದೂ ಹೇಳಲಾಗದು, ಸೋತರೆಂದೂ ಹೇಳಲಾಗದು. ವಾದದ ಫಲಿತಾಂಶಕ್ಕಿಂತ ದೊಡ್ಡದೊಂದು ಆ ವಾದದಿಂದ ಹೊರಬಿದ್ದಿತ್ತು.

ಇನ್ನು ಉಲ್ಲೇಖಗಳ ಮಾತು. ನಮ್ಮ ಕಾಲೇಜುಗಳಲ್ಲಿ ಅಧ್ಯಾಪಕರು ವರ್ಷಕ್ಕೊಮ್ಮೆ ತುಂಬುವ ನಮೂನೆಯಲ್ಲಿ ಈಗ ಒಂದು ಅಂಕಣವಿದೆ: ನಿಮ್ಮ ಸಂಶೋಧನಾ ಲೇಖನಗಳನ್ನು ಬೇರೆಯವರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ? ಈ ಎಣಿಕೆ ವ್ಯವಸ್ಥಿತವಾಗಿ ಶುರುವಾದದ್ದೂ ರಾಮಚಂದ್ರನ್ ನಕ್ಷೆ ಹುಟ್ಟಿದ ಕಾಲದಲ್ಲೇ. ಅಮೆರಿಕದಲ್ಲಿ ಯೂಜೀನ್ ಗಾರ್ಫೀಲ್ಡ್ ಎಂಬವರು 1964ರಲ್ಲಿ ವಿಜ್ಞಾನ ಲೇಖನಗಳ ಉಲ್ಲೇಖ ಸೂಚಿಯನ್ನು ಹೊರತರತೊಡಗಿದರು. ಯಾವ ಲೇಖನ ಯಾವ ಲೇಖನವನ್ನು ನೆನೆದಿದೆ ಎಂದು ಹುಡುಕಲು ಅದು ನಿಜಕ್ಕೂ ಒಳ್ಳೆಯ ಸಾಧನ. ಅದು ಅಳೆಗೋಲಾದಾಗ ಮಾತ್ರ ಎಚ್ಚರ ಬೇಕು. ರಾಮಚಂದ್ರನ್ ಅವರ ಬದುಕಿನಲ್ಲಿ ಆ ಎಚ್ಚರಕ್ಕೆ ಎರಡು ಕಾರಣಗಳು ಸಿಗುತ್ತವೆ.

ಒಂದು, ಎಣಿಕೆಗೆ ಹೊಗಳಿಕೆಯೂ ತೆಗಳಿಕೆಯೂ ಒಂದೇ. ರಿಚ್ ಮತ್ತು ಕ್ರಿಕ್ ತಮ್ಮ ಲೇಖನದಲ್ಲಿ ಮದರಾಸಿನ ಮಾದರಿಯನ್ನು ಹೆಸರಿಸಿಯೇ ತಪ್ಪು ಹಿಡಿದರು. ಸೂಚಿಯಲ್ಲಿ ಅದು ಒಂದು ಉಲ್ಲೇಖ. ಯಾರೋ ಸೌಜನ್ಯಕ್ಕೆ ಸೇರಿಸಿದ ಹೆಸರೂ ಒಂದು ಉಲ್ಲೇಖ. ಒಂದರಿಂದ ಹೊಸ ವಿಜ್ಞಾನ ಹುಟ್ಟಿತು, ಇನ್ನೊಂದರಿಂದ ಏನೂ ಹುಟ್ಟಲಿಲ್ಲ. ಅಂಕಿ ಈ ವ್ಯತ್ಯಾಸವನ್ನು ಹೇಳದು.

ಎರಡು, ತುಂಬ ಬಳಕೆಯಾದದ್ದು ಎಣಿಕೆಯಿಂದ ಜಾರಿಹೋಗುತ್ತದೆ. 1963ರ ಆ ಐದು ಪುಟಗಳನ್ನು ಸಾವಿರಾರು ಲೇಖನಗಳು ಉಲ್ಲೇಖಿಸಿವೆ. ಆದರೂ ಆ ನಕ್ಷೆಯ ನಿಜವಾದ ಬಳಕೆಗೆ ಈ ಸಂಖ್ಯೆ ಏನೇನೂ ಸಾಲದು. ಪ್ರೋಟೀನ್‌ಗಳ ರಚನೆಯನ್ನು ಜಗತ್ತಿನ ವಿಜ್ಞಾನಿಗಳೆಲ್ಲ ಸೇರಿಸಿಡುವ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಹೊಸ ಪ್ರೋಟೀನ್ ರಚನೆಯೊಂದು ಬಂದರೆ ಅದರ ತಪಾಸಣಾ ವರದಿಯಲ್ಲಿ ರಾಮಚಂದ್ರನ್ ನಕ್ಷೆಯ ಪರೀಕ್ಷೆ ಇದ್ದೇ ಇರುತ್ತದೆ: ಎಷ್ಟು ಬಿಂದುಗಳು ದ್ವೀಪದೊಳಗೆ, ಎಷ್ಟು ಹೊರಗೆ. ಹೊರಗೆ ಬಿದ್ದವು ಹೆಚ್ಚಾದರೆ ರಚನೆ ಬಿಡಿಸುವಲ್ಲಿ ಎಲ್ಲೋ ತಪ್ಪಿರಬಹುದೆಂದು ಮತ್ತೆ ನೋಡುತ್ತಾರೆ. ಹೀಗೆ ನಕ್ಷೆಯನ್ನು ಬಳಸುವ ಅನೇಕರು ಮೂಲ ಲೇಖನವನ್ನು ಪಟ್ಟಿಯಲ್ಲಿ ಸೇರಿಸುವುದೇ ಇಲ್ಲ. ಎಲ್ಲರಿಗೂ ಗೊತ್ತಿರುವುದಕ್ಕೆ ಆಧಾರ ಕೊಡುವವರು ಯಾರು? ಪೈಥಾಗೊರಸನ ಪ್ರಮೇಯ ಬಳಸುವಾಗ ನಾವೂ ಆಧಾರ ಕೊಡುವುದಿಲ್ಲ. ಒಂದು ಕೆಲಸ ಎಲ್ಲರ ಜ್ಞಾನದಲ್ಲಿ ಬೆರೆತು, ಮೂಲದ ಗುರುತೇ ಅಳಿಸಿಹೋಗುವ ಈ ಸಂಗತಿಗೆ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಒಂದು ಹೆಸರನ್ನೂ ಇಟ್ಟಿದ್ದಾರೆ. ರಾಮಚಂದ್ರನ್ ಅವರ ಪುಣ್ಯ, ನಕ್ಷೆಗೆ ಅವರ ಹೆಸರಾದರೂ ಅಂಟಿಕೊಂಡಿತು. ಶಶಿಶೇಖರನ್, ರಾಮಕೃಷ್ಣನ್ ಹೆಸರುಗಳು ಹಾಗೆ ಉಳಿಯಲಿಲ್ಲ. ಪಾಠ ಮಾಡುವಾಗ ಆ ಎರಡು ಹೆಸರುಗಳನ್ನೂ ಕರಿಹಲಗೆಯ ಮೇಲೆ ಬರೆಯುವುದು ನಮ್ಮ ಕೆಲಸ.

1970ರ ಹೊತ್ತಿಗೆ ರಾಮಚಂದ್ರನ್ ಮದರಾಸನ್ನು ಬಿಟ್ಟು, ಸತೀಶ್ ಧವನ್ ನಿರ್ದೇಶಕರಾಗಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ವಿದ್ಯಾರ್ಥಿಯಾಗಿ ವಿಭಾಗ ಬದಲಿಸಿದ್ದ ಅದೇ ಆವರಣದಲ್ಲಿ 1971ರಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಎಂಬ ಹೊಸ ವಿಭಾಗವನ್ನು ಕಟ್ಟಿದರು. ನಮ್ಮ ರಾಜ್ಯದ ಮಕ್ಕಳು ಬೆಂಗಳೂರಿಗೆ ಹೋದಾಗ ಆ ಕಟ್ಟಡವನ್ನು ಈಗಲೂ ನೋಡಬಹುದು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ ಇನ್ನೊಂದು ಲೇಖನ ಬರೆದರು. ಒಂದು ವಸ್ತುವನ್ನು ಹಲವು ದಿಕ್ಕುಗಳಿಂದ ತೆಗೆದ ಕ್ಷ-ಕಿರಣ ಚಿತ್ರಗಳನ್ನು ಸೇರಿಸಿ ಅದರ ಒಳಗಿನ ರೂಪವನ್ನು ಬೇಗನೆ, ಸರಳವಾಗಿ ಲೆಕ್ಕಹಾಕುವ ವಿಧಾನ ಅದು. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ಹಿಂದಿನ ಗಣಿತದಲ್ಲಿ ಇಬ್ಬರ ಹೆಸರಿನ ಮೊದಲಕ್ಷರಗಳಿಂದಾದ ರಾಮ್-ಲ್ಯಾಕ್ ಫಿಲ್ಟರ್ ಇಂದಿಗೂ ಇದೆ. ಸಿ.ಟಿ. ಸ್ಕ್ಯಾನಿಗೆ 1979ರಲ್ಲಿ ನೊಬೆಲ್ ಬಂದಾಗ ಅದು ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಸಂದಿತು. ರಾಮಚಂದ್ರನ್ ಅವರಿಗೆ ಆ ಬಹುಮಾನ ಯಾವ ಕೆಲಸಕ್ಕೂ ಬರಲಿಲ್ಲ. ಭಟ್ನಾಗರ್ ಪ್ರಶಸ್ತಿ 1961ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ 1977ರಲ್ಲಿ, ಸ್ಫಟಿಕವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟದ ಎವಾಲ್ಡ್ ಪ್ರಶಸ್ತಿ 1999ರಲ್ಲಿ ಬಂದವು.

ಕೊನೆಯ ವರ್ಷಗಳಲ್ಲಿ ಅವರ ಒಲವು ತರ್ಕಶಾಸ್ತ್ರದ ಕಡೆ ತಿರುಗಿತ್ತು. ಹೌದು, ಇಲ್ಲ ಎಂಬ ಎರಡೇ ಉತ್ತರಗಳ ನಡುವೆ ಹೇಳಲಾಗದ ಸ್ಥಿತಿಗಳನ್ನೂ ಒಪ್ಪುವ ಜೈನರ ಸ್ಯಾದ್ವಾದದಿಂದ ಪ್ರೇರಣೆ ಪಡೆದು, ಅದನ್ನು ಗಣಿತದ ಭಾಷೆಗೆ ತರುವ ಪ್ರಯತ್ನ ಮಾಡಿದರು. ಮುಂದೆ ಪಾರ್ಕಿನ್ಸನ್ ಕಾಯಿಲೆ ಅವರನ್ನು ಹಣ್ಣುಮಾಡಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ನಿಧನರಾದರು.

ಈ ಜೀವನವನ್ನು ನಾನು ಮೊದಲು ಹೇಳುತ್ತಿದ್ದದ್ದು ಸಾಧನೆಗಳ ಪಟ್ಟಿಯಾಗಿ. ಹುಟ್ಟು, ಓದು, ಶೋಧ, ಪ್ರಶಸ್ತಿ, ಸಾವು. ಮಕ್ಕಳು ಬರೆದುಕೊಳ್ಳುತ್ತಿದ್ದರು, ಮರೆಯುತ್ತಿದ್ದರು. ಈಗ 1955ರಿಂದ 1963ರವರೆಗಿನ ಎಂಟು ವರ್ಷಗಳ ಮೇಲೆ ನಿಲ್ಲುತ್ತೇನೆ. ಒಂದು ಆಕ್ಷೇಪಣೆ ಅಳೆಯಬಹುದಾದ ಒಂದು ಪ್ರಶ್ನೆಯಾದ ಕಾಲ ಅದು. ತಪ್ಪು ಹಿಡಿಸಿಕೊಂಡ ದೊಡ್ಡವರು ಏನು ಮಾಡಿದರು ಎಂಬುದು ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ. ಮಕ್ಕಳಿಗಿಂತ ಹೆಚ್ಚಾಗಿ ಅದು ಪ್ರಶಿಕ್ಷಣಾರ್ಥಿಗಳಿಗೆ ಬೇಕು.

ಹೋದ ವರ್ಷದ ಅಭ್ಯಾಸ ಬೋಧನೆಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿಯ ಪುಸ್ತಕದಲ್ಲಿ ನಾನು ಬರೆದದ್ದು, ವರ್ಷಗಳ ಹಿಂದೆ ನನ್ನ ಪುಸ್ತಕದಲ್ಲಿ ಬರೆದಿದ್ದ ಅದೇ ಕೊರತೆಯನ್ನು: ತೀರ ಬೇಗ ಉತ್ತರ ಹೇಳಿಬಿಡುತ್ತೀರಿ. ಆಕೆ ರಾಮಚಂದ್ರನ್ ಕಥೆಯನ್ನು ಕೇಳಿದ್ದವಳು. ವಾದಿಸಲಿಲ್ಲ. ತೀರ ಬೇಗ ಎಂದರೆ ಎಷ್ಟು ಬೇಗ ಮೇಡಂ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಮರುದಿನದ ಪಾಠಕ್ಕೆ ಆಕೆ ತನ್ನ ಗೆಳತಿಯನ್ನು ಹಿಂದಿನ ಬೆಂಚಿನಲ್ಲಿ ಗಡಿಯಾರದೊಂದಿಗೆ ಕೂರಿಸಿದಳು. ಪ್ರಶ್ನೆ ಕೇಳಿದ ಮೇಲೆ ತಾನು ಕಾಯುತ್ತಿದ್ದದ್ದು ಒಂದೋ ಎರಡೋ ಸೆಕೆಂಡು ಎಂದು ತಿಳಿಯಿತು. ಮುಂದಿನ ಪಾಠದಲ್ಲಿ ಐದರವರೆಗೆ ಮನಸ್ಸಿನಲ್ಲೇ ಎಣಿಸಿದಳು. ಆ ದಿನ ಕಿಟಕಿಯ ಪಕ್ಕ ಕೂರುವ, ಅಲ್ಲಿಯವರೆಗೆ ಬಾಯಿಬಿಡದಿದ್ದ ಒಬ್ಬ ಹುಡುಗ ಕೈಯೆತ್ತಿದ. ಅವನ ಉತ್ತರ ಅರ್ಧ ತಪ್ಪಾಗಿತ್ತು. ಆ ಅರ್ಧ ತಪ್ಪಿನಿಂದಲೇ ಪಾಠ ಮುಂದೆ ಸಾಗಿತು.

ಆಕೆಗೆ ಎಷ್ಟು ಅಂಕ ಕೊಟ್ಟೆ ಎಂಬುದು ನನಗೀಗ ನೆನಪಿಲ್ಲ. ನಮ್ಮ ವೀಕ್ಷಣಾ ಪುಸ್ತಕದಲ್ಲಿ ಅಂಕ ಬರೆಯುವ ಅಂಕಣವಿದೆ, ಈ ಎಣಿಕೆಯನ್ನು ಬರೆಯುವ ಅಂಕಣವಿಲ್ಲ. ಈ ವರ್ಷದಿಂದ ನಾನು ನನ್ನ ಟಿಪ್ಪಣಿಯ ಕೆಳಗೆ ಎರಡು ಗೆರೆ ಜಾಗ ಬಿಡುತ್ತಿದ್ದೇನೆ, ಪ್ರಶಿಕ್ಷಣಾರ್ಥಿ ತನ್ನ ಪ್ರಶ್ನೆಯನ್ನು ಬರೆಯಲಿ ಎಂದು.